ಒಂದು ಪಾಯಿಂಟ್‌ಗೆ ಒಂದು ಪಾವಲಿ!

ಕಾರ್ಡಿನ ಪಾಯಿಂಟು, ಬಸ್ಸಿನ ರಿಯಾಯಿತಿ, ರೈಲಿನ ನಿಯಮ: ರಜೆಯ ಪ್ರವಾಸಕ್ಕೆ ಮುನ್ನ ಅಜ್ಜ-ಅಜ್ಜಿ, ಮೊಮ್ಮಕ್ಕಳು ಕೂಡಿ ಹಾಕಬೇಕಾದ ಲೆಕ್ಕ

ಪಾವಲಿ ಎಂದರೇನು ಎಂದು ನಿಮ್ಮ ಮನೆಯ ಮಕ್ಕಳನ್ನು ಕೇಳಿ ನೋಡಿ. ಮುಖ ಮುಖ ನೋಡಿಕೊಂಡಾರು. ಅಜ್ಜ-ಅಜ್ಜಿಯರಿಗೆ ಮಾತ್ರ ಹೇಳಿಕೊಡಬೇಕಾಗಿಲ್ಲ. ಪಾವಲಿ ಎಂದರೆ ನಾಲ್ಕಾಣೆ, ಅಂದರೆ 25 ಪೈಸೆ. ಅವರ ಬಾಲ್ಯದಲ್ಲಿ ಜೇಬಿನಲ್ಲಿ ಪಾವಲಿ ಇದ್ದವನೇ ಶಾಲೆಯ ಸಾಹುಕಾರ. ಕಡಲೆಮಿಠಾಯಿ, ಪೆಪ್ಪರಮಿಂಟು ಕೊಂಡರೂ ಇನ್ನಷ್ಟು ಚಿಲ್ಲರೆ ಉಳಿಯುತ್ತಿತ್ತು. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ ನಿಂತಿತು. ಪಾವಲಿ ಕಪಾಟಿನ ಡಬ್ಬಿ ಸೇರಿತು.

ಆದರೆ ಅದು ಪೂರ್ತಿ ಮಾಯವಾಗಿಲ್ಲ. ವೇಷ ಬದಲಿಸಿಕೊಂಡು ಅಪ್ಪ-ಅಮ್ಮನ ಮೊಬೈಲಿನೊಳಗೆ ಕುಳಿತಿದೆ. ಅದರ ಈಗಿನ ಹೆಸರು ರಿವಾರ್ಡ್ ಪಾಯಿಂಟ್. ಕ್ರೆಡಿಟ್ ಕಾರ್ಡ್ ಬಳಸಿ ಏನಾದರೂ ಕೊಂಡಾಗ ಬ್ಯಾಂಕು ಕೊಡುವ ಅಂಕ ಅದು. ಎಷ್ಟೋ ಕಾರ್ಡುಗಳಲ್ಲಿ ಒಂದು ಪಾಯಿಂಟಿನ ಬೆಲೆ ಹೆಚ್ಚೂಕಡಿಮೆ 20ರಿಂದ 25 ಪೈಸೆ. ಅಂದರೆ ಅದೇ ಹಳೆಯ ಪಾವಲಿ!

ಯಲಹಂಕ, ಹೆಬ್ಬಾಳದ ಕಡೆ ವಾಸವಾಗಿರುವವರಿಗೆ ದೇವನಹಳ್ಳಿಗೆ ಇಳಿಯುವ ವಿಮಾನಗಳು ದಿನನಿತ್ಯದ ನೋಟ. ‘ಅಜ್ಜಿ, ನಾವು ಯಾವಾಗ ಅದರಲ್ಲಿ ಕೂರೋದು?’ ಎಂದು ಮೊಮ್ಮಗಳು ಕೇಳದ ಮನೆ ಅಪರೂಪ. ಅದೇ ಹೊತ್ತಿಗೆ ಮಾಲ್‌ನ ಬಾಗಿಲಲ್ಲಿ ನಿಂತ ಹುಡುಗ, ‘ಈ ಕಾರ್ಡ್ ತಗೊಳ್ಳಿ ಸಾರ್, ಪಾಯಿಂಟ್‌ನಲ್ಲೇ ಫ್ಲೈಟ್ ಟಿಕೆಟ್ ಬರುತ್ತೆ’ ಎನ್ನುತ್ತಾನೆ. ಆತ ಹೇಳುವುದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಷ್ಟು ನಿಜ ಎಂದು ತಿಳಿಯಲು ಐದನೇ ತರಗತಿಯ ಗಣಿತ ಸಾಕು.

ಎರಡೇ ಪ್ರಶ್ನೆ

ಯಾವ ಕಾರ್ಡನ್ನು ಯಾರೇ ತೋರಿಸಲಿ, ಕೇಳಬೇಕಾದ ಪ್ರಶ್ನೆ ಎರಡು. ಎಷ್ಟು ರೂಪಾಯಿ ಖರ್ಚಿಗೆ ಎಷ್ಟು ಪಾಯಿಂಟ್? ಒಂದು ಪಾಯಿಂಟಿಗೆ ಎಷ್ಟು ಪೈಸೆ?

ಮಕ್ಕಳೇ, ಒಂದು ಹಾಳೆ ತೆಗೆದುಕೊಳ್ಳಿ. ಮೊದಲನೇ ಕಾರ್ಡು 100 ರೂಪಾಯಿಗೆ 1 ಪಾಯಿಂಟ್ ಕೊಡುತ್ತದೆ, ಪಾಯಿಂಟಿನ ಬೆಲೆ 25 ಪೈಸೆ ಎಂದಿಟ್ಟುಕೊಳ್ಳಿ. ಒಂದು ಲಕ್ಷ ರೂಪಾಯಿ ಖರ್ಚು ಮಾಡಿದರೆ 1,000 ಪಾಯಿಂಟ್. ಕೇಳಲು ಎಷ್ಟು ಚೆಂದ! ಆದರೆ ಅದರ ಬೆಲೆ ಬರೀ 250 ರೂಪಾಯಿ. ಎರಡನೇ ಕಾರ್ಡು 100 ರೂಪಾಯಿಗೆ 4 ಪಾಯಿಂಟ್ ಕೊಡುತ್ತದೆ, ಬೆಲೆ ಅದೇ 25 ಪೈಸೆ. ಒಂದು ಲಕ್ಷಕ್ಕೆ 4,000 ಪಾಯಿಂಟ್, ಅಂದರೆ 1,000 ರೂಪಾಯಿ. ಮೂರನೇ ಕಾರ್ಡು 100ಕ್ಕೆ ಒಂದೇ ಪಾಯಿಂಟ್ ಕೊಟ್ಟರೂ ಪಾಯಿಂಟಿಗೆ ಒಂದು ರೂಪಾಯಿ ಬೆಲೆ ಕಟ್ಟುತ್ತದೆ. ಅಲ್ಲಿಯೂ 1,000 ರೂಪಾಯಿ.

ಮೊದಲನೆಯದರಿಂದ ಬಂದ ಲಾಭ ಶೇ 0.25. ಎರಡನೆಯದು, ಮೂರನೆಯದು ಎರಡೂ ಶೇ 1. ಪಾಯಿಂಟ್ ಎಷ್ಟು ಬಂತು ಎನ್ನುವುದು ಮುಖ್ಯವಲ್ಲ, ನೂರಕ್ಕೆ ಎಷ್ಟು ಪೈಸೆ ಮರಳಿತು ಎನ್ನುವುದೇ ಮುಖ್ಯ. ಉದಾಹರಣೆಗೆ, ರೈಲ್ವೆಯ ಐಆರ್‌ಸಿಟಿಸಿ ಹೆಸರು ಹೊತ್ತು ಬರುವ ಕಾರ್ಡಿನಲ್ಲಿ ಒಂದು ಪಾಯಿಂಟನ್ನು ಟಿಕೆಟ್‌ಗೆ ಬಳಸುವಾಗ ಒಂದು ರೂಪಾಯಿ ಎಂದು ಎಣಿಸುತ್ತಾರೆ. ರೈಲಿನ ಎ.ಸಿ. ಟಿಕೆಟ್ ಕೊಂಡರೆ ಹೆಚ್ಚು ಪಾಯಿಂಟ್, ಬೇರೆ ಖರೀದಿಗೆ ಕಡಿಮೆ. ವರ್ಷಕ್ಕೆ ನಾಲ್ಕಾರು ಬಾರಿ ಎ.ಸಿ. ಡಬ್ಬಿಯಲ್ಲಿ ಊರಿಗೆ ಹೋಗಿಬರುವ ಮನೆಗೆ ಅಂಥದ್ದು ಒಗ್ಗುತ್ತದೆ. ವರ್ಷಕ್ಕೊಮ್ಮೆ ಹೋಗುವವರಿಗೆ ಅದು ಕೈಯಲ್ಲಿ ಇನ್ನೊಂದು ಪ್ಲಾಸ್ಟಿಕ್ ತುಂಡು, ಅಷ್ಟೆ.

ಈ ದುಡ್ಡು ಬರುವುದೆಲ್ಲಿಂದ?

ಬ್ಯಾಂಕಿನವರಿಗೆ ನಮ್ಮ ಮೇಲೆ ಇಷ್ಟೇಕೆ ಅಕ್ಕರೆ? ಒಳ್ಳೆಯ ಪ್ರಶ್ನೆ. ನೀವು ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಅಂಗಡಿಯವರಿಗೆ ಪೂರ್ತಿ ನೂರು ರೂಪಾಯಿ ಸೇರುವುದಿಲ್ಲ. ಒಂದೂವರೆ-ಎರಡು ರೂಪಾಯಿಯಷ್ಟು ಶುಲ್ಕ ಕಳೆದು ಉಳಿದದ್ದು ಸೇರುತ್ತದೆ. ಆ ಶುಲ್ಕದಲ್ಲಿ ಒಂದು ಚೂರು ಪಾಯಿಂಟಿನ ರೂಪದಲ್ಲಿ ನಿಮಗೆ ಬರುತ್ತದೆ. ಕಾರ್ಡಿನ ವಾರ್ಷಿಕ ಶುಲ್ಕ ಇನ್ನೊಂದು ಮೂಲ. ಮೂರನೆಯದು, ಬಿಲ್ ಕಟ್ಟಲು ತಡಮಾಡಿದವರು ತೆರುವ ಬಡ್ಡಿ. ಒಬ್ಬರ ಮನೆಯ ಬಡ್ಡಿಯೇ ಇನ್ನೊಬ್ಬರ ಮನೆಯ ಪಾಯಿಂಟು.

ಈ ಉಪಾಯ ಹೊಸದೇನಲ್ಲ. 1896ರಲ್ಲಿ ಅಮೆರಿಕದಲ್ಲಿ ಸ್ಪೆರಿ ಅಂಡ್ ಹಚಿನ್ಸನ್ ಎಂಬ ಕಂಪನಿ ಅಂಗಡಿಗಳಿಗೆ ಹಸಿರು ಚೀಟಿಗಳನ್ನು ಮಾರತೊಡಗಿತು. ಸಾಮಾನು ಕೊಂಡವರಿಗೆ ಅಂಗಡಿಯವರು ಚೀಟಿ ಕೊಡುತ್ತಿದ್ದರು. ಗೃಹಿಣಿಯರು ಅವನ್ನು ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದ ಮೇಲೆ ಪಾತ್ರೆ-ಪಗಡೆ ಪಡೆಯುತ್ತಿದ್ದರು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಇದೇ ಉಪಾಯವನ್ನು ಆಕಾಶಕ್ಕೆ ಏರಿಸಿತು. ಹಾರಿದ ಮೈಲಿ ಎಣಿಸಿಟ್ಟು, ಸಾಕಷ್ಟು ಕೂಡಿದ ಮೇಲೆ ಬಿಟ್ಟಿ ಟಿಕೆಟ್ ಕೊಡುವ ಯೋಜನೆ ತಂದಿತು. ಬೇರೆ ವಿಮಾನ ಕಂಪನಿಗಳೂ ಅದರ ಹಿಂದೆಯೇ ಬಂದವು.

ನಮ್ಮಲ್ಲಿಯೂ ಅಪ್ಪ-ಅಮ್ಮನ ವಯಸ್ಸಿನವರು 1999ರ ಕ್ರಿಕೆಟ್ ವಿಶ್ವಕಪ್ ಹೊತ್ತಿನ ಬ್ರಿಟಾನಿಯಾ ಬಿಸ್ಕತ್ತಿನ ಸ್ಪರ್ಧೆಯನ್ನು ಮರೆತಿರಲಾರರು. ಬಿಸ್ಕತ್ ಪೊಟ್ಟಣದ ಮೇಲೆ ‘ರನ್’ ಮುದ್ರಿಸಿರುತ್ತಿತ್ತು. ಮಕ್ಕಳು ರನ್ ಕೂಡಿಹಾಕುತ್ತ ಇಂಗ್ಲೆಂಡಿಗೆ ಹೋಗುವ ಕನಸು ಕಾಣುತ್ತಿದ್ದರು. ಇಂಗ್ಲೆಂಡಿಗೆ ಹೋದವರು ಕೆಲವೇ ಮಂದಿ. ಬಿಸ್ಕತ್ತು ತಿಂದವರು ಮಾತ್ರ ಇಡೀ ದೇಶದ ಮಕ್ಕಳು. ಪಾಯಿಂಟಿನ ಆಟದ ಗುಟ್ಟು ಇದೇ.

ಜಕ್ಕೂರಿನಿಂದ ಕಲಿತ ಪಾಠ

ಅಗ್ಗದ ಪ್ರಯಾಣದ ಕಥೆಯಲ್ಲಿ ಉತ್ತರ ಬೆಂಗಳೂರಿಗೆ ಒಂದು ದೊಡ್ಡ ಪಾತ್ರವಿದೆ. ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋಗುವಾಗ ಸಿಗುವ ಜಕ್ಕೂರು ವಿಮಾನ ನಿಲ್ದಾಣ ಹಲವರಿಗೆ ಗೊತ್ತು. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೇನೆಯಲ್ಲಿದ್ದು, ಆಮೇಲೆ ಬೇಸಾಯ ಮಾಡಿ, ಇಲ್ಲಿಂದಲೇ ಹೆಲಿಕಾಪ್ಟರ್ ಬಾಡಿಗೆಯ ಕಂಪನಿ ನಡೆಸಿದರು. 2003ರ ಆಗಸ್ಟ್‌ನಲ್ಲಿ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನೇ ಅದರ ಗುರುತು. ಊಟವಿಲ್ಲ, ಪಾಯಿಂಟಿಲ್ಲ, ಥಳುಕಿಲ್ಲ. ಟಿಕೆಟ್ ಮಾತ್ರ ಅಗ್ಗ. ಕೆಲವು ಸೀಟುಗಳನ್ನು ಒಂದು ರೂಪಾಯಿ ಮೂಲ ದರಕ್ಕೆ ಮಾರಿದ್ದೂ ಉಂಟು. ಅದುವರೆಗೆ ವಿಮಾನವನ್ನು ತಲೆಯೆತ್ತಿ ನೋಡಿದ್ದವರು ಮೊದಲ ಬಾರಿ ಒಳಗೆ ಕೂತು ಕೆಳಗೆ ನೋಡಿದರು.

ಮುಂದೆ ಏರ್ ಡೆಕ್ಕನ್ ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಕಂಪನಿಯ ಪಾಲಾಯಿತು. ಕಿಂಗ್‌ಫಿಷರ್‌ನಲ್ಲಿ ಥಳುಕೂ ಇತ್ತು, ಪದೇಪದೇ ಹಾರುವವರಿಗೆ ಪಾಯಿಂಟ್ ಯೋಜನೆಯೂ ಇತ್ತು. 2012ರ ಅಕ್ಟೋಬರ್‌ನಲ್ಲಿ ಅದರ ವಿಮಾನಗಳು ಹಾರಾಟ ನಿಲ್ಲಿಸಿದವು. ವರ್ಷಗಟ್ಟಲೆ ಜೋಪಾನವಾಗಿ ಮೈಲಿ ಕೂಡಿಟ್ಟವರ ಕೈಯಲ್ಲಿ ಉಳಿದದ್ದು ಬರೀ ಅಂಕಿ. ಹಾರಲು ವಿಮಾನವೇ ಇಲ್ಲದಿದ್ದರೆ ಮೈಲಿಗೆ ಬೆಲೆಯೆಲ್ಲಿ? 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಕೂಡ ಹಾರಾಟ ನಿಲ್ಲಿಸಿತು. ಅದರ ಪಾಯಿಂಟ್ ಯೋಜನೆಯನ್ನು ಬೇರೆ ಕಂಪನಿ ನಡೆಸುತ್ತಿದ್ದುದರಿಂದ ಹೆಸರು ಬದಲಿಸಿಕೊಂಡು ಕೆಲಕಾಲ ಬದುಕಿತು. 2024ರ ನವೆಂಬರ್ 12ರಂದು ವಿಸ್ತಾರ ಕಂಪನಿ ಏರ್ ಇಂಡಿಯಾದಲ್ಲಿ ಸೇರಿಹೋದಾಗ ಗ್ರಾಹಕರ ಪಾಯಿಂಟುಗಳು ಏರ್ ಇಂಡಿಯಾ ಖಾತೆಗೆ ಹೋದವು.

ಒಂದು ಕಡೆ ಮುಳುಗಿತು, ಒಂದು ಕಡೆ ತೇಲಿತು, ಒಂದು ಕಡೆ ದಡ ಸೇರಿತು. ಯಾವುದು ಏನಾಗುತ್ತದೆ ಎಂದು ಕೂಡಿಟ್ಟವರಿಗೆ ಮೊದಲೇ ಗೊತ್ತಿರಲಿಲ್ಲ. ಅಂಚೆ ಕಚೇರಿಯ ಠೇವಣಿಗೆ ಸರ್ಕಾರದ ಭರವಸೆ ಇದೆ, ಬಡ್ಡಿ ಇದೆ. ಪಾಯಿಂಟಿಗೆ ಎರಡೂ ಇಲ್ಲ. ಇಂದು 25 ಪೈಸೆ ಬಾಳುವ ಪಾಯಿಂಟನ್ನು ನಾಳೆ 20 ಪೈಸೆ ಎಂದು ಕಂಪನಿ ಹೇಳಬಹುದು. ಅವಧಿ ಮುಗಿಯಿತು ಎಂದು ಅಳಿಸಿಯೂ ಹಾಕಬಹುದು. ಆದ್ದರಿಂದ ಪಾಯಿಂಟು ಚಿನ್ನದ ಹಾಗಲ್ಲ, ಹಾಲಿನ ಹಾಗೆ. ಕೂಡಿಟ್ಟು ಕಾಯಬಾರದು, ಕೆಡುವ ಮೊದಲು ಬಳಸಬೇಕು.

ಅಂಗೈಯಲ್ಲಿ ಬೆಣ್ಣೆ

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದರಂತೆ ಎಂಬ ಗಾದೆ ನಮ್ಮಲ್ಲಿದೆ. ಪಾಯಿಂಟಿನ ಬೆನ್ನು ಹತ್ತಿದ ಎಷ್ಟೋ ಮನೆಗಳ ಕಥೆ ಇದೇ. ಕಾರ್ಡೇ ಬೇಡದ ರಿಯಾಯಿತಿಗಳು ಮನೆಯ ಬಾಗಿಲಲ್ಲೇ ಇವೆ. ಒಂದೊಂದಾಗಿ ನೋಡೋಣ.

ಸರ್ಕಾರಿ ಬಸ್ಸು: 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ, ಹೆಣ್ಣುಮಕ್ಕಳಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತ. ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸದು. ರಾಜ್ಯದ ನಿವಾಸಿ ಎಂದು ತೋರಿಸುವ ಗುರುತಿನ ಚೀಟಿ ಜೊತೆಗಿರಲಿ. 60 ವರ್ಷ ತುಂಬಿದ ಹಿರಿಯರಿಗೆ ಕೆಎಸ್‌ಆರ್‌ಟಿಸಿ ವೇಗದೂತ ಬಸ್ಸಿನಲ್ಲಿ ಶೇ 25 ರಿಯಾಯಿತಿ, 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ ಟಿಕೆಟ್. ನಾಲ್ಕು ಅಥವಾ ಹೆಚ್ಚು ಮಂದಿಗೆ ಒಂದೇ ಟಿಕೆಟ್‌ನಲ್ಲಿ ಮುಂಗಡ ಕಾದಿರಿಸಿದರೆ ಶೇ 5, ಹೋಗಿಬರುವ ಟಿಕೆಟನ್ನು ಒಟ್ಟಿಗೇ ಕಾದಿರಿಸಿದರೆ ಬರುವ ಪ್ರಯಾಣಕ್ಕೆ ಶೇ 10 ಕಡಿತ ಉಂಟು.

ಈಗ ಒಂದು ಮನೆಯ ಲೆಕ್ಕ. 65ರ ಅಜ್ಜ, ಅಜ್ಜಿ, ಅಮ್ಮ, 8 ವರ್ಷದ ಮೊಮ್ಮಗ ವೇಗದೂತ ಬಸ್ಸಿನಲ್ಲಿ ಊರಿಗೆ ಹೊರಟಿದ್ದಾರೆ. ಟಿಕೆಟ್ 400 ರೂಪಾಯಿ ಎಂದುಕೊಳ್ಳೋಣ. ಹಿರಿಯರ ರಿಯಾಯಿತಿ, ಶಕ್ತಿ ಯೋಜನೆ ಎರಡೂ ಇಲ್ಲದಿದ್ದರೆ ಮೂರು ಪೂರ್ತಿ ಟಿಕೆಟ್, ಒಂದು ಅರ್ಧ: 1,400 ರೂಪಾಯಿ. ಈಗ? ಅಜ್ಜನಿಗೆ 300, ಮೊಮ್ಮಗನಿಗೆ 200, ಅಜ್ಜಿಗೂ ಅಮ್ಮನಿಗೂ ಸೊನ್ನೆ. ಒಟ್ಟು 500. ಉಳಿದದ್ದು 900, ಹೋಗಿಬಂದರೆ 1,800 ರೂಪಾಯಿ.

ಇದೇ 1,800 ರೂಪಾಯಿಯನ್ನು ಶೇ 1 ಕೊಡುವ ಕಾರ್ಡಿನ ಪಾಯಿಂಟಿನಿಂದ ಗಳಿಸಬೇಕಾದರೆ 1,80,000 ರೂಪಾಯಿ ಖರ್ಚು ಮಾಡಬೇಕು. ಪಾವಲಿ ಕಾರ್ಡಿನಿಂದಾದರೆ 7,20,000! ಬೆಟ್ಟ ಅಗೆದು ಇಲಿ ಹಿಡಿಯುವುದೆಂದರೆ ಇದೇ ಅಲ್ಲವೇ?

ನಮ್ಮ ಮೆಟ್ರೊ: ಯಶವಂತಪುರ, ಪೀಣ್ಯದ ಕಡೆಯವರಿಗೆ ಹಸಿರು ಮಾರ್ಗ ಹತ್ತಿರ. 2025ರ ಫೆಬ್ರುವರಿಯಲ್ಲಿ ದರ ಪರಿಷ್ಕರಿಸಿದಾಗ ಸ್ಮಾರ್ಟ್ ಕಾರ್ಡ್ ಇದ್ದವರಿಗೆ ಶೇ 5, ದಟ್ಟಣೆ ಇಲ್ಲದ ಹೊತ್ತಿನಲ್ಲಿ ಶೇ 10 ರಿಯಾಯಿತಿ ನಿಗದಿ ಮಾಡಿದರು. ಬೆಳಿಗ್ಗೆ 8ರೊಳಗೆ, ಮಧ್ಯಾಹ್ನ 12ರಿಂದ 4ರವರೆಗೆ, ರಾತ್ರಿ 9ರ ನಂತರ ದಟ್ಟಣೆ ಇಲ್ಲದ ಹೊತ್ತು. ಭಾನುವಾರ ಮತ್ತು ಮೂರು ರಾಷ್ಟ್ರೀಯ ಹಬ್ಬಗಳಂದು ದಿನವಿಡೀ ಶೇ 10. ಕಚೇರಿಯ ಅವಸರವಿಲ್ಲದ ಅಜ್ಜ-ಅಜ್ಜಿಯರಿಗೆ ಇದು ಹೇಳಿಮಾಡಿಸಿದ ಸಮಯ. ಕಾರ್ಡಿನ ಪಾಯಿಂಟು ಶೇ 1 ಕೊಡಲು ಹೆಣಗಾಡುತ್ತದೆ. ಹೊರಡುವ ಹೊತ್ತು ಬದಲಿಸಿದರೆ ಅದರ ಹತ್ತು ಪಟ್ಟು.

ವಿಮಾನ ನಿಲ್ದಾಣಕ್ಕೆ ರೈಲು: ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕರೂ ನಿಲ್ದಾಣ ಮುಟ್ಟಲು ಟ್ಯಾಕ್ಸಿಗೆ ನೂರಾರು ರೂಪಾಯಿ ತೆರುವವರಿದ್ದಾರೆ. ಯಲಹಂಕದಿಂದ ದೇವನಹಳ್ಳಿ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ಹಳಿಯ ಮೇಲೆ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಹೆಸರಿನಲ್ಲೇ ಒಂದು ಪುಟ್ಟ ನಿಲುಗಡೆ ಇದೆ. 2021ರ ಜನವರಿಯಲ್ಲಿ ಅಲ್ಲಿ ರೈಲು ನಿಲ್ಲತೊಡಗಿದಾಗ ನಗರದಿಂದ ಟಿಕೆಟ್ 10ರಿಂದ 15 ರೂಪಾಯಿ ಇತ್ತು. ಅಲ್ಲಿಂದ ಟರ್ಮಿನಲ್ ಸೇರಲು ಬಸ್ಸು ಹಿಡಿಯಬೇಕು. ರೈಲುಗಳ ಸಂಖ್ಯೆ ಕಡಿಮೆಯಾದ್ದರಿಂದ ವೇಳಾಪಟ್ಟಿ ನೋಡಿಕೊಂಡೇ ಹೊರಡಬೇಕು. ಸಮಯ ಹೊಂದದಿದ್ದರೆ ಹೆಬ್ಬಾಳದ ಮೂಲಕ ಹೋಗುವ ವಾಯುವಜ್ರ ಬಸ್ಸು ಇದ್ದೇ ಇದೆ.

ರೈಲಿನ ಹಳೆಯ ನಿಯಮಗಳು: ಹಿರಿಯ ನಾಗರಿಕರಿಗೆ ರೈಲಿನಲ್ಲಿದ್ದ ರಿಯಾಯಿತಿ (ಗಂಡಸರಿಗೆ ಶೇ 40, ಹೆಂಗಸರಿಗೆ ಶೇ 50) 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ಅಜ್ಜ-ಅಜ್ಜಿಯರಿಗೆ ಇದು ಇಂದಿಗೂ ನೋವಿನ ಸಂಗತಿ. ಆದರೆ ಎಲ್ಲವೂ ಹೋಗಿಲ್ಲ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಮೀಸಲು ಈಗಲೂ ಇದೆ. ಟಿಕೆಟ್ ಕಾದಿರಿಸುವಾಗ ಆ ಕೋಟಾ ಆಯ್ದುಕೊಳ್ಳಬೇಕು. 5 ವರ್ಷದೊಳಗಿನ ಮಗುವಿಗೆ ಬೇರೆ ಬರ್ತು ಕೇಳದಿದ್ದರೆ ಟಿಕೆಟ್ ಬೇಡ. 5 ತುಂಬಿ 12 ತುಂಬದ ಮಕ್ಕಳಿಗೆ ಬರ್ತು ಬೇಡವೆಂದರೆ ಅರ್ಧ, ಬೇಕೆಂದರೆ ಪೂರ್ತಿ ದರ. ಯಶವಂತಪುರದಿಂದ ಘಟ್ಟ ಇಳಿದು ಕರಾವಳಿಗೆ ಹೋಗುವ ಹಗಲು ರೈಲಿನಲ್ಲಿ ಈ ನಿಯಮವನ್ನು ಯೋಚಿಸಿ ಬಳಸಿ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು! ಎಣಿಸುತ್ತ ಕೂರುವ ಮಗುವಿಗೆ ಕಿಟಕಿ ಪಕ್ಕದ ಸೀಟು ಕೊಡಿಸುವುದು ದುಂದಲ್ಲ.

ಇನ್ನೊಂದು ನಿಯಮ ಬಹಳ ಮಂದಿಗೆ ಗೊತ್ತಿಲ್ಲ. ರೈಲಿನ ದರ ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಕಡಿಮೆಯಾಗುತ್ತ ಹೋಗುತ್ತದೆ. ತುಂಡು ತುಂಡು ಟಿಕೆಟ್‌ಗಿಂತ ಉದ್ದನೆಯ ಒಂದೇ ಟಿಕೆಟ್ ಅಗ್ಗ. ಇದನ್ನೇ ಬಳಸಿಕೊಂಡು ರೈಲ್ವೆ ‘ಸರ್ಕ್ಯುಲರ್ ಜರ್ನಿ ಟಿಕೆಟ್’ ಕೊಡುತ್ತದೆ. ಹೊರಟ ನಿಲ್ದಾಣಕ್ಕೇ ಬೇರೆ ದಾರಿಯಿಂದ ಸುತ್ತಿಕೊಂಡು ಮರಳಬೇಕು. ನಡುವೆ 8 ಕಡೆ ಇಳಿದು ತಂಗಬಹುದು. ತೀರ್ಥಯಾತ್ರೆ ಹೊರಡುವ ಹಿರಿಯರು ಇಳಿಯುವ ಊರುಗಳ ಪಟ್ಟಿ ಬರೆದುಕೊಂಡು, ರೈಲ್ವೆ ವಿಭಾಗದ ವಾಣಿಜ್ಯ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಪಾಯಿಂಟಿನ ಯೋಜನೆಗಳು ಹುಟ್ಟುವುದಕ್ಕೆ ಎಷ್ಟೋ ಮುಂಚಿನಿಂದ ಹೆಚ್ಚು ದೂರ ಹೋಗುವವರಿಗೆ ರೈಲ್ವೆ ಕೊಡುತ್ತಿರುವ ಬಹುಮಾನ ಇದು.

ಕಾರ್ಡು ಇದ್ದೇ ಇದ್ದರೆ

ಹಾಗಾದರೆ ಪಾಯಿಂಟು ಬೇಡವೇ? ಬೇಡವೆಂದಲ್ಲ. ದಿನಸಿ, ವಿದ್ಯುತ್ ಬಿಲ್ಲು, ಔಷಧಿ ಎಂದು ಹೇಗೂ ಮಾಡುವ ಖರ್ಚಿನ ಮೇಲೆ ನೂರಕ್ಕೆ ಒಂದು ರೂಪಾಯಿ ಮರಳಿದರೆ ಒಳ್ಳೆಯದೇ. ಹನಿಗೂಡಿದರೆ ಹಳ್ಳ. ಆದರೆ ಅದಕ್ಕೆ ಒಂದೇ ಒಂದು ಕಟ್ಟಳೆ: ಬಿಲ್ಲಿನ ಪೂರ್ತಿ ಹಣವನ್ನು ಗಡುವಿನೊಳಗೆ ಕಟ್ಟಬೇಕು.

ಬಿಲ್ಲಿನ ಮೂಲೆಯಲ್ಲಿ ‘ಮಿನಿಮಮ್ ಡ್ಯೂ’ ಎಂದು ಚಿಕ್ಕದೊಂದು ಮೊತ್ತ ಇರುತ್ತದೆ. 20,000 ರೂಪಾಯಿ ಬಿಲ್ಲಿಗೆ 1,000 ಕಟ್ಟಿದರೆ ಸಾಕು ಎನ್ನುತ್ತದೆ. ಕೇಳಲು ಹಿತ. ಉಳಿದ 19,000ಕ್ಕೆ ತಿಂಗಳಿಗೆ ಶೇ 3.5ರಂತೆ ಬಡ್ಡಿ ಹಾಕಿದರೆ 665 ರೂಪಾಯಿ. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಸೇರಿ ಸುಮಾರು 785. ಆ 20,000 ಖರ್ಚಿನಿಂದ ಬಂದ ಪಾಯಿಂಟಿನ ಬೆಲೆ ಹೆಚ್ಚೆಂದರೆ 200 ರೂಪಾಯಿ. ಒಂದೇ ತಿಂಗಳಲ್ಲಿ 585 ರೂಪಾಯಿ ಕೈಬಿಟ್ಟಿತು. ಅಷ್ಟೇ ಅಲ್ಲ, ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಮೇಲೂ ಕೊಂಡ ದಿನದಿಂದಲೇ ಬಡ್ಡಿ ಶುರುವಾಗುತ್ತದೆ. ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 42. ಪಿಂಚಣಿಯಲ್ಲಿ ಬದುಕುವ ಮನೆಯನ್ನು ಅಲುಗಾಡಿಸಲು ಇಷ್ಟು ಸಾಕು.

ಇನ್ನು ಕೆಲವು ಕಿವಿಮಾತು:

ವಾರ್ಷಿಕ ಶುಲ್ಕ 500 ರೂಪಾಯಿ ಎಂದರೆ ಜಿಎಸ್‌ಟಿ ಸೇರಿ 590. ಶೇ 1 ಲಾಭದ ಕಾರ್ಡಿನಲ್ಲಿ ಅದನ್ನು ತುಂಬಿಕೊಳ್ಳಲು 59,000 ರೂಪಾಯಿ ಖರ್ಚು ಮಾಡಿರಬೇಕು. ಲಾಭ ಶುರುವಾಗುವುದೇ ಆಮೇಲೆ.

ಮನೆ ಬಾಡಿಗೆ, ಪೆಟ್ರೋಲು, ವ್ಯಾಲೆಟ್‌ಗೆ ತುಂಬುವ ಹಣಕ್ಕೆ ಹಲವು ಕಾರ್ಡುಗಳು ಪಾಯಿಂಟ್ ಕೊಡುವುದಿಲ್ಲ. ಕೆಲವು ಬ್ಯಾಂಕುಗಳು ಪಾಯಿಂಟ್ ಬಳಸಿಕೊಳ್ಳುವಾಗಲೂ ಒಂದು ಶುಲ್ಕ ಹಾಕುತ್ತವೆ. ಅರ್ಜಿಗೆ ಸಹಿ ಹಾಕುವ ಮೊದಲೇ ಇವನ್ನು ಕೇಳಿ.

ಅದೇ ಪಾಯಿಂಟಿಗೆ ಬೇರೆ ಬೇರೆ ಕಡೆ ಬೇರೆ ಬೇರೆ ಬೆಲೆ. ಸಾಮಾನ್ಯವಾಗಿ ಮಿಕ್ಸಿ, ಚೀಲ ಕೊಂಡರೆ ಕಡಿಮೆ. ಪ್ರಯಾಣದ ಟಿಕೆಟ್‌ಗೆ ಬಳಸಿದರೆ ಅಥವಾ ವಿಮಾನ ಕಂಪನಿಯ ಖಾತೆಗೆ ವರ್ಗಾಯಿಸಿದರೆ ಹೆಚ್ಚು. ಪಾಯಿಂಟಿನಲ್ಲಿ ವಿಮಾನ ಟಿಕೆಟ್ ಕೊಂಡರೂ ತೆರಿಗೆ, ನಿಲ್ದಾಣದ ಶುಲ್ಕ ಎಂದು ಕೈಯಿಂದ ಒಂದಿಷ್ಟು ಕೊಡಬೇಕಾಗಬಹುದು.

ವಿಮಾನ ಕಂಪನಿಗಳ ಪಾಯಿಂಟ್ ಯೋಜನೆ ಸೇರಲು ಕ್ರೆಡಿಟ್ ಕಾರ್ಡ್ ಬೇಕಾಗಿಲ್ಲ. ಇಂಡಿಗೊ, ಏರ್ ಇಂಡಿಯಾಗಳ ಸದಸ್ಯತ್ವಕ್ಕೆ ದುಡ್ಡಿಲ್ಲ. ಅಮೆರಿಕ, ದುಬೈನಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಹಿರಿಯರು ಟಿಕೆಟ್ ಕಾದಿರಿಸುವಾಗ ಸದಸ್ಯತ್ವದ ಸಂಖ್ಯೆ ನಮೂದಿಸಲು ಮರೆಯಬಾರದು. ಒಂದು ದೂರದ ಪ್ರಯಾಣಕ್ಕೆ ಸಿಗುವ ಪಾಯಿಂಟು ತಿಂಗಳುಗಟ್ಟಲೆ ದಿನಸಿ ಕೊಂಡರೂ ಸಿಗದು.

ಬೇಡವಾದ ಕಾರ್ಡನ್ನು ಮುಚ್ಚಿಸುವುದು ನಿಮ್ಮ ಹಕ್ಕು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ಬಾಕಿ ಏನೂ ಇಲ್ಲದಿದ್ದರೆ, ಕೋರಿಕೆ ಕೊಟ್ಟ 7 ಕೆಲಸದ ದಿನಗಳಲ್ಲಿ ಕಾರ್ಡು ಮುಚ್ಚಬೇಕು. ತಡವಾದರೆ ಬ್ಯಾಂಕು ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು. ಕೇಳದೆ ಕಾರ್ಡು ಕಳಿಸುವುದೂ ನಿಯಮಕ್ಕೆ ವಿರುದ್ಧ.

‘ಇಂದೇ ಕೊನೆಯ ದಿನ’

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ‘ನಿಮ್ಮ ಖಾತೆಯಲ್ಲಿ 9,980 ರೂಪಾಯಿ ಬೆಲೆಯ ಪಾಯಿಂಟುಗಳಿವೆ. ಇಂದೇ ಕೊನೆಯ ದಿನ. ಪಡೆಯಲು ಈ ಆ್ಯಪ್ ಹಾಕಿಕೊಳ್ಳಿ’ ಎನ್ನುವಂಥ ಸಂದೇಶಗಳು ಬ್ಯಾಂಕಿನ ಹೆಸರು, ಲಾಂಛನ ಹೊತ್ತು ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಿವೆ. ಇವು ಬ್ಯಾಂಕು ಕಳಿಸಿದ್ದಲ್ಲ ಎಂದು ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿಯೂ ಎಚ್ಚರಿಸಿದೆ. ಸಂದೇಶದ ಜೊತೆ ಬರುವ ಎಪಿಕೆ ಕಡತವನ್ನು ಮುಟ್ಟಿ ಒಳಗೆ ಬಿಟ್ಟುಕೊಂಡರೆ ಮೊಬೈಲಿಗೆ ಬರುವ ಒಟಿಪಿಯನ್ನು ಕಳ್ಳರು ಓದಬಲ್ಲರು. ಜೀವಮಾನದ ಉಳಿತಾಯ ಕ್ಷಣದಲ್ಲಿ ಕರಗಬಹುದು.

ಅಜ್ಜ-ಅಜ್ಜಿಯರೇ, ಪಾಯಿಂಟು ಹೋದರೆ ಹೋಗಲಿ. ಅವಸರ ಮಾಡುವ ಯಾವ ಸಂದೇಶವನ್ನೂ ಒತ್ತಬೇಡಿ. ಪಾಯಿಂಟು ನಿಜವಾಗಿ ಇದ್ದರೆ ಬ್ಯಾಂಕಿನ ಸ್ವಂತ ಆ್ಯಪ್‌ನಲ್ಲಿ ಕಾಣುತ್ತದೆ, ಇಲ್ಲವೇ ಶಾಖೆಗೆ ಹೋಗಿ ಕೇಳಬಹುದು. ಮಕ್ಕಳೇ, ಅಜ್ಜಿ ಮೊಬೈಲ್ ಕೊಟ್ಟು ‘ಇದೇನು ನೋಡು ಪುಟ್ಟಾ’ ಎಂದರೆ ನೀವೂ ಒತ್ತಬೇಡಿ, ಅಪ್ಪ-ಅಮ್ಮನಿಗೆ ತೋರಿಸಿ. ಅಕಸ್ಮಾತ್ ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೋಸಹೋದವರನ್ನು ಮನೆಯವರು ಬೈಯಬಾರದು. ಬೈಗುಳದ ಹೆದರಿಕೆಯಿಂದ ಹಿರಿಯರು ಹೇಳದೆ ಸುಮ್ಮನಾದರೆ ಆ ಹೊತ್ತಿನಲ್ಲೇ ಕಳ್ಳ ದೂರ ಹೋಗಿರುತ್ತಾನೆ.

ಮನೆಗೊಂದು ಪ್ರವಾಸದ ಪುಸ್ತಕ

ಈ ರಜೆಗೆ ಒಂದು ಹಳೆಯ ನೋಟ್‌ಬುಕ್ ಸಾಕು. ಪುಟಕ್ಕೆ ನಾಲ್ಕು ಗೆರೆ ಎಳೆಯಿರಿ. ಯಾವ ಊರು, ಪೂರ್ತಿ ದರ ಎಷ್ಟು, ಯಾವ ರಿಯಾಯಿತಿ ಸಿಕ್ಕಿತು, ಎಷ್ಟು ಉಳಿಯಿತು. ಬರೆಯುವ ಕೆಲಸ ಮೊಮ್ಮಕ್ಕಳದು, ಕೂಡುವುದನ್ನು ತಿದ್ದುವ ಕೆಲಸ ಅಜ್ಜನದು. ಪಾಯಿಂಟಿನಿಂದ ಬಂದದ್ದನ್ನೂ ಬರೆಯಿರಿ, ಆದರೆ ಬೇರೆ ಪುಟದಲ್ಲಿ. ಆ ಪಾಯಿಂಟಿಗಾಗಿ ತೆತ್ತ ಶುಲ್ಕವನ್ನು ಅದರ ಪಕ್ಕದಲ್ಲೇ ಬರೆಯಿರಿ. ವರ್ಷದ ಕೊನೆಗೆ ಯಾವ ಪುಟ ದಪ್ಪ ಎಂದು ಮನೆಮಂದಿಯೆಲ್ಲ ಕೂತು ನೋಡಿ. ಉಳಿದ ಹಣವನ್ನು ಎಣಿಸಿ ಡಬ್ಬಿಗೆ ಹಾಕಿದರೆ ಒಂದಲ್ಲ ಒಂದು ದಿನ ಮೊಮ್ಮಗಳು ಕೇಳಿದ ವಿಮಾನದ ಟಿಕೆಟ್‌ಗೂ ಆದೀತು. ಆ ಟಿಕೆಟ್‌ನ ಮೇಲೆ ಯಾವ ಸಾಲದ ಭಾರವೂ ಇರುವುದಿಲ್ಲ.

ಲೆಕ್ಕ ಹಾಕಿ ನೋಡಿ

1. ಒಂದು ಕಾರ್ಡು 150 ರೂಪಾಯಿ ಖರ್ಚಿಗೆ 2 ಪಾಯಿಂಟ್ ಕೊಡುತ್ತದೆ. ಪಾಯಿಂಟಿನ ಬೆಲೆ 25 ಪೈಸೆ. 30,000 ರೂಪಾಯಿ ಖರ್ಚಿಗೆ ಎಷ್ಟು ಪಾಯಿಂಟ್? ಅದರ ಬೆಲೆ ಎಷ್ಟು?

2. ಮೆಟ್ರೊ ಟಿಕೆಟ್ 60 ರೂಪಾಯಿ. ಅಜ್ಜ ಸ್ಮಾರ್ಟ್ ಕಾರ್ಡ್ ಹಿಡಿದು ಮಧ್ಯಾಹ್ನ 12 ದಾಟಿದ ಮೇಲೆ ಹೋಗಿ, 4ರೊಳಗೆ ಮರಳಿ ರೈಲು ಹತ್ತಿದರು. ಒಟ್ಟು ಎಷ್ಟು ಉಳಿಸಿದರು?

3. ‘500 ಬೋನಸ್ ಪಾಯಿಂಟ್’ ಸಿಗುತ್ತದೆಂದು ಮಾವ ಮನೆಗೆ ಬೇಡದ 5,000 ರೂಪಾಯಿಯ ಸಾಮಾನು ಕೊಂಡರು. ಪಾಯಿಂಟಿಗೆ 25 ಪೈಸೆಯಾದರೆ, ಮಾವನ ಜೇಬಿನಿಂದ ನಿಜವಾಗಿ ಹೋದದ್ದೆಷ್ಟು?

ಉತ್ತರ: 1) 400 ಪಾಯಿಂಟ್, 100 ರೂಪಾಯಿ. 2) 12 ರೂಪಾಯಿ. 3) 4,875 ರೂಪಾಯಿ. ಮೂರನೆಯ ಉತ್ತರವನ್ನು ಮಾವನಿಗೆ ನಗುನಗುತ್ತಲೇ ತೋರಿಸಿ.